ದೊಡ್ಡ ಭಾವನ ನಕ್ಷತ್ರಗಳಿಗೆ ನನ್ನ ಉತ್ತರ

ಭಾವ, ವಾಯ್ಸ್ ಕಳಿಸುವ ಅಂತಲೇ ಇದ್ದೆ. ಆದರೆ ಇಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ನನ್ನ ಸ್ವರ ನನಗೇ ಕೇಳುವುದಿಲ್ಲ, ಹಾಗಾಗಿ ಮಾತಾಡಿದ ಹಾಗೆಯೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಗ್ರೂಪಿನಲ್ಲೇ ಹಾಕುತ್ತೇನೆ, ಯಾಕೆಂದರೆ ನೀವು ತಿದ್ದಿದ್ದೂ ಗ್ರೂಪಿನಲ್ಲೇ.

ನಿನ್ನೆ ರಾತ್ರಿಯದ್ದು ಎಲ್ಲರೂ ನೋಡಿರಲಿಕ್ಕಿಲ್ಲ. ಕಾಞಂಗಾಡಿನಿಂದ ಸಣ್ಣ ಮಾವನ ಕೂಸು (ನಮ್ಮ ಮಾತಿನಲ್ಲಿ ಕೂಸು ಅಂದರೆ ಹುಡುಗಿ) ಒಂದು ಮೆಸೇಜ್ ಹಾಕಿತ್ತು. "ಅಜ್ಜಿ ಅಂಗಳದಲ್ಲಿ ಜಾರಿ ಬಿತ್ತು. ಎಕ್ಸ್‌ರೇ ತೆಗೆಸಿತು. ಮೂಲೆ ಮುರಿಯಲಿಲ್ಲ. ದೈರ್ಯದಲ್ಲಿ ಉಂಟು. ಯಾರೂ ಹೆದರ ಬೇಡಿ." ಅಷ್ಟೇ. ಅದರ ಕೆಳಗೆ ಕೂಡಲೇ ನಿಮ್ಮದು. ಚಾಟಿನಲ್ಲಿ ತಪ್ಪು ತಿದ್ದಲು ಹಾಕುವ ನಕ್ಷತ್ರ (*) ಹಾಕಿ ಮೂಳೆ, ನಕ್ಷತ್ರ ಹಾಕಿ ಧೈರ್ಯ, ಮತ್ತೊಂದು ನಕ್ಷತ್ರ ಹಾಕಿ ಬಿದ್ದರು, ತೆಗೆಸಿದರು. ಕೊನೆಗೆ "ಗೋವಿಂದ ಪೈಗಳ, ಕಯ್ಯಾರರ ಊರಿನಲ್ಲಿ ಇಂಥ ಕನ್ನಡವೇ?" ಅಂತ ನಮ್ಮ ಕಾಸರಗೋಡಿನ ಇಬ್ಬರು ಕವಿಗಳ ಹೆಸರು ಹೇಳಿ ಒಂದು ಸಾಲು. ನೀವು ಆಮೇಲೆ ಮಾವನಿಗೆ ಫೋನ್ ಮಾಡಿ ಅಜ್ಜಿಯನ್ನು ವಿಚಾರಿಸಿದ್ದೀರಿ, ಅದು ನನಗೆ ಗೊತ್ತು. ಕೂಸಿಗೆ ಗೊತ್ತಿಲ್ಲ. ಅದಕ್ಕೆ ಕಂಡದ್ದು ನಕ್ಷತ್ರ ಮಾತ್ರ. ಅಲ್ಲಿಂದ ಮತ್ತೆ ಯಾರು ಏನು ಕೇಳಿದರೂ ಒಂದು ಹೆಬ್ಬೆರಳು ಹಾಕಿ ಸುಮ್ಮನಾಗುತ್ತಿದೆ. ಅಕ್ಕ "ಅಜ್ಜಿ ಊಟ ಮಾಡಿತಾ?" ಅಂತ ಕೇಳಿದ್ದಕ್ಕೂ ಹೆಬ್ಬೆರಳೇ.

ಈಗ ನಿಮ್ಮ ನಕ್ಷತ್ರಗಳನ್ನು ಒಂದೊಂದಾಗಿ ನೋಡುವ, ಬೇಸರ ಮಾಡಬೇಡಿ.

ಮೊದಲು ಮೂಲೆ. ಅದು ಕೂಸಿನ ತಪ್ಪೇ ಅಲ್ಲ. ಈಗಿನ ಮಕ್ಕಳು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಕೀಬೋರ್ಡ್ ಬಳಸುವುದು. ಅದರಲ್ಲಿ ಲ ಬೇಕಾದರೂ ಳ ಬೇಕಾದರೂ ಬೆರಳು ಹೋಗುವುದು ಅದೇ ಎಲ್ ಕೀಗೆ. ನ, ಣ ಕೂಡಾ ಹಾಗೆಯೇ. ಯಾವುದು ಬೇಕು ಅಂತ ಫೋನೇ ಊಹೆ ಮಾಡುತ್ತದೆ, ಅವಸರದಲ್ಲಿ ಇದ್ದವರು ಮೇಲೆ ಬಂದದ್ದನ್ನು ಒತ್ತಿ ಕಳಿಸುತ್ತಾರೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಒಂದು ಕೈಯಲ್ಲಿ ಎಕ್ಸ್‌ರೇ ಕವರು ಹಿಡಿದುಕೊಂಡು ಟೈಪ್ ಮಾಡಿದ್ದು ಅದು. ಧೈರ್ಯದ್ದೂ ಅದೇ ಕಥೆ, ಡಿ ಒತ್ತಿದ ಮೇಲೆ ಒಂದು ಎಚ್ ತಪ್ಪಿಹೋಗಿದೆ. ಮಲಯಾಳದಲ್ಲೂ ಆ ಶಬ್ದಕ್ಕೆ ಧ ಉಂಟು, ಶಾಲೆಯಲ್ಲಿ ಅದನ್ನು ಸರಿಯಾಗಿಯೇ ಬರೆದಿರುತ್ತದೆ. ಮತ್ತೆ ಈ ಮಹಾಪ್ರಾಣದ ವಿಷಯದಲ್ಲಿ ದೊಡ್ಡ ದೊಡ್ಡವರೇ ಜಗಳ ಮಾಡಿದ್ದಾರೆ. ಡಿ. ಎನ್. ಶಂಕರ ಭಟ್ಟರು, ಅಷ್ಟು ದೊಡ್ಡ ಭಾಷಾ ವಿದ್ವಾಂಸರು, ಕನ್ನಡಿಗರು ಮಾತಾಡುವಾಗ ಮಹಾಪ್ರಾಣ ಹೇಳುವುದೇ ಇಲ್ಲ, ಬರವಣಿಗೆಗೂ ಬೇಡ ಅಂತ ವಾದಿಸಿ ತಮ್ಮ ಪುಸ್ತಕಗಳನ್ನೇ ಹಾಗೆ ಬರೆದರು. ನಾನು ಅವರ ಪಕ್ಷ ಅಲ್ಲ, ನನಗೆ ಧ ಬೇಕು, ಭ ಬೇಕು. ಆದರೆ ಅಂಥವರೇ ಬೇಡ ಅಂದ ಒಂದು ಅಕ್ಷರಕ್ಕೆ ರಾತ್ರಿ ಹತ್ತು ಗಂಟೆಗೆ ಒಂದು ಮಗುವಿನ ಮರ್ಯಾದೆ ತೆಗೆಯುವಷ್ಟು ಅರ್ಜೆಂಟು ಏನಿತ್ತು?

ಇನ್ನು "ಬಿತ್ತು". ಇದರಲ್ಲಿ ನಿಮ್ಮ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂತು. ನಮ್ಮ ಹವ್ಯಕ ಮಾತಿನಲ್ಲಿ ಹೆಂಗಸರಿಗೆ ಅದು, ಬಂತು, ಹೋತು ಅಂತಲೇ ಅಲ್ವಾ ಹೇಳುವುದು? ಅಕ್ಕ ಬಂತು, ಅತ್ತೆ ಹೋತು. ಅದರಲ್ಲಿ ಅಗೌರವ ಎಂತದ್ದೂ ಇಲ್ಲ. ನೀವೇ ನಮ್ಮ ಅಕ್ಕನ ಬಗ್ಗೆ ಮಾತಾಡುವಾಗ "ಅದು ಪೇಟೆಗೆ ಹೋಯಿದು" ಅನ್ನುವುದಿಲ್ಲವಾ? ಘಟ್ಟದ ಮೇಲಿನವರು ಇದನ್ನು ಕೇಳಿ ನಕ್ಕರೆ ನೀವೇ ಅವರಿಗೆ ಪಾಠ ಮಾಡುವವರು. ಕೂಸು ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ್ದನ್ನೇ ಬರೆದಿದೆ. ಅದು ಪುಸ್ತಕದ ಕನ್ನಡ ಅಲ್ಲ ಅಂತ ಹೇಳಿ, ಒಪ್ಪುತ್ತೇನೆ. ತಪ್ಪು ಅಂತ ಹೇಳಬೇಡಿ.

"ತೆಗೆಸಿತು" ಮಾತ್ರ ಬೇರೆ. ಅಲ್ಲಿ ತೆಗೆಸಿದ್ದು ಮಾವ, ಹಾಗಾಗಿ "ತೆಗೆಸಿದರು" ಅಂತಲೇ ಆಗಬೇಕಿತ್ತು, ಅದು ನೀವು ಹೇಳಿದ್ದು ಸರಿ. ಆದರೆ ಅದು ಎಲ್ಲಿಂದ ಬಂತು ನೋಡಿ. ಮಲಯಾಳದಲ್ಲಿ ಞಾನ್ ವನ್ನು, ಅವನ್ ವನ್ನು, ಅವರ್ ವನ್ನು, ಯಾರು ಬಂದರೂ ಕ್ರಿಯಾಪದ ಒಂದೇ. ನಾನು ಬಂದೆ, ಅವನು ಬಂದ, ಅವರು ಬಂದರು ಅಂತ ಬಾಲ ಬದಲಾಯಿಸುವ ಕೆಲಸವೇ ಇಲ್ಲ. ಒಂದನೇ ಕ್ಲಾಸಿನಿಂದ ಅದರಲ್ಲೇ ಓದಿದ ಮಗು, ಕನ್ನಡಕ್ಕೆ ಬರುವಾಗ ಒಂದೊಂದು ಸಲ ಬಾಲ ತಪ್ಪುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಾದರೆ ಹತ್ತನೇವರೆಗೂ ಕನ್ನಡ ಮಾಧ್ಯಮದಲ್ಲಿ ಓದಬಹುದು. ಮಾವನ ಕೆಲಸ ಇದ್ದ ಜಾಗದಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ. ಕೂಸಿಗೆ ಕನ್ನಡ ಅಕ್ಷರ ಕಲಿಸಿದ್ದು ಅದೇ ಅಜ್ಜಿ. ಮಧ್ಯಾಹ್ನ ಊಟ ಆದ ಮೇಲೆ ಪೇಪರು ಹರಡಿಕೊಂಡು, ಶುದ್ಧ ಮಡಿಯವರ ಹಾಗೆ ಕನ್ನಡಕ ಒರೆಸಿ, ತಲೆಬರಹದ ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟು ಓದಿಸುತ್ತಿದ್ದದ್ದು ನಾನು ಕಣ್ಣಾರೆ ನೋಡಿದ್ದೇನೆ. ಒತ್ತಕ್ಷರ ಬಂದಾಗ ಅಜ್ಜಿಯೇ ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದದ್ದೂ ನೋಡಿದ್ದೇನೆ, ಅದು ಬೇರೆ ವಿಷಯ.

ಮತ್ತೆ ನೀವು ಪೈಗಳನ್ನೂ ಕಯ್ಯಾರರನ್ನೂ ಎಳೆದು ತಂದಿರಿ. ಭಾವ, ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಇಬ್ಬರೂ ಬೇರೆ ಮನೆಮಾತಿನಿಂದ ಕನ್ನಡಕ್ಕೆ ಬಂದವರು, ಬಂದು ಕನ್ನಡವನ್ನೇ ಬೆಳಗಿದವರು. ನಮ್ಮ ಕಾಸರಗೋಡಿನ ಕನ್ನಡ ಅಂದರೆ ಹಾಗೆಯೇ ತುಳು, ಕೊಂಕಣಿ, ಮಲಯಾಳ, ಮರಾಠಿ, ಬ್ಯಾರಿ ಮನೆಗಳಿಂದ ಬಂದವರು ಸೇರಿ ಆಡುವ ಕನ್ನಡ. ಅವರ ಹೆಸರು ಹೇಳಿ ಯಾರನ್ನಾದರೂ ಒಳಗೆ ಕರೆಯಬೇಕೇ ಹೊರತು ಬಾಗಿಲು ಹಾಕಬಾರದು.

ಇನ್ನೊಂದು ತಮಾಷೆ ಹೇಳುತ್ತೇನೆ, ನಿಮಗೆ ಹಳಗನ್ನಡ ಇಷ್ಟ ಅಲ್ವಾ. ಪಂಪನ ಕಾಲದ ೞ ಅಕ್ಷರ ನಮ್ಮ ನಾಲಗೆಯಿಂದ ಯಾವತ್ತೋ ಹೋಯಿತು. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಆ ಅಕ್ಷರ ಯಾವ ಯಾವ ಶಬ್ದದಲ್ಲಿ ಬರುತ್ತದೆ ಅಂತ ಪಟ್ಟಿ ಕೊಟ್ಟಿದ್ದಾನೆ. ಎಲ್ಲರಿಗೂ ಸರಿಯಾಗಿ ಬರುತ್ತಿದ್ದರೆ ಪಟ್ಟಿ ಯಾಕೆ? ಅಷ್ಟು ಮಾಡಿದರೂ ಅಕ್ಷರ ಉಳಿಯಲಿಲ್ಲ, ನಾವೆಲ್ಲ ಮಳೆ, ಕೋಳಿ ಅಂತ ಳಕಾರಕ್ಕೆ ಇಳಿದೆವು. ಆದರೆ ಮಲಯಾಳದಲ್ಲಿ ಅದು ಈಗಲೂ ಇದೆ. ನೀವು ತಿದ್ದಿದ ಆ ಕೂಸು ಮಲಯಾಳದಲ್ಲಿ ಮಳೆ ಅನ್ನುವಾಗ ಆ ಹಳೇ ೞಕಾರವನ್ನೇ ಸಲೀಸಾಗಿ ಹೇಳುತ್ತದೆ. ನೀವು, ನಾನು ಎರಡು ಸಲ ಕೆಮ್ಮಿದರೂ ಬರುವುದಿಲ್ಲ.

ತಿದ್ದಲೇಬೇಡಿ ಅಂತ ನಾನು ಹೇಳುತ್ತಿಲ್ಲ. ನೀವು ಎಷ್ಟೋ ಮಕ್ಕಳಿಗೆ ಕನ್ನಡ ಕಲಿಸಿದವರು, ಆ ಕಣ್ಣು ತಪ್ಪು ಕಂಡರೆ ನಿಲ್ಲುತ್ತದೆ, ಅದು ಸಹಜ. ತಿದ್ದುವ ಮನಸ್ಸಾದರೆ ಹೀಗೆ ಮಾಡಬಹುದಿತ್ತು. "ಮೂಳೆ ಮುರಿಯಲಿಲ್ಲವಲ್ಲ, ಬಚಾವ್. ಅಜ್ಜಿಗೆ ಧೈರ್ಯ ಹೇಳು ಮಗಾ, ಎಕ್ಸ್‌ರೇ ಯಾರು ತೆಗೆಸಿದರು, ಅಪ್ಪನಾ?" ಅಷ್ಟು ಬರೆದರೆ ಮೂರೂ ಶಬ್ದ ಸರಿಯಾಗಿ ಅದರ ಕಣ್ಣ ಮುಂದೆ ಬರುತ್ತಿತ್ತು. ಚುರುಕಿನ ಕೂಸು, ನೋಡಿ ಕಲಿಯುತ್ತಿತ್ತು. ತೀರಾ ಹೇಳಲೇಬೇಕು ಅಂತಾದರೆ ಗ್ರೂಪಿನ ಹೊರಗೆ ಅದಕ್ಕೊಬ್ಬಳಿಗೇ ಹೇಳಿ.

ಸುಮ್ಮನೆ ಬಿಟ್ಟರೂ ಏನೂ ಹೋಗುವುದಿಲ್ಲ. ಚಾಟಿನ ಅಕ್ಷರ ನಾಳೆ ಮೇಲೆ ಹೋಗುತ್ತದೆ, ಯಾರೂ ನೋಡುವುದಿಲ್ಲ. ಮಗು ಕನ್ನಡದಲ್ಲಿ ಬರೆಯುವ ರೂಢಿ ಹೋದರೆ ಅದು ತಿರುಗಿ ಬರುವುದು ಕಷ್ಟ. ನಮ್ಮ ಈ ಗ್ರೂಪಿನಲ್ಲೇ ನೋಡಿ, ಇಪ್ಪತ್ತೈದರ ಒಳಗಿನವರಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವುದು ಈ ಕೂಸು ಮಾತ್ರ. ಬೆಂಗಳೂರಿನಲ್ಲಿ ಇರುವ ನಮ್ಮ ಮಾಣಿಗಳು, ಅಂದರೆ ಹುಡುಗರು, ಎಲ್ಲರೂ ಇಂಗ್ಲಿಷಿನವರು, ಅವರಿಗೆ ನಿಮ್ಮ ನಕ್ಷತ್ರ ಒಂದೂ ಬೀಳುವುದಿಲ್ಲ, ಯಾಕೆಂದರೆ ಅವರು ಕನ್ನಡದಲ್ಲಿ ತಪ್ಪು ಮಾಡುವ ಕಷ್ಟವನ್ನೇ ತೆಗೆದುಕೊಳ್ಳುವುದಿಲ್ಲ. ಇದು ಯಾವ ನ್ಯಾಯ?

ನಿಮ್ಮ ಕೆಂಪು ಪೆನ್ನಿಗೆ ಕೆಲಸ ಬೇಕಾದಷ್ಟು ಉಂಟು. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು, ಸರಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ನಮಗೆ 1969ರ ಕಾನೂನಿನಲ್ಲಿಯೇ ಸಿಕ್ಕಿದೆ. ಆ ಅರ್ಜಿಗಳು ಸರಿಯಾದ ಕನ್ನಡದಲ್ಲಿ ಹೋಗಬೇಕು, ಅಲ್ಲಿ ಒಂದು ಅಕ್ಷರ ತಪ್ಪಿದರೂ ಹೆಸರು, ಸರ್ವೆ ನಂಬ್ರ ಎಲ್ಲ ತಿರುವುಮುರುವಾಗುತ್ತದೆ. ಕುಂಬಳೆಯನ್ನು ಮಲಯಾಳದವರು ಕುಂಬಳ ಅನ್ನಲಿ, ಅದು ಅವರ ಮಾತು. ಆದರೆ ಕನ್ನಡ ಬೋರ್ಡಿನಲ್ಲೂ ಕುಂಬಳ ಅಂತ ಕಂಡರೆ ಅಲ್ಲಿ ಬಾಯಿ ಬಿಡಿ, ಪಂಚಾಯತಿಗೆ ಬರೆಯಿರಿ, ನಾನೂ ಸಹಿ ಹಾಕುತ್ತೇನೆ.

ಸದ್ಯಕ್ಕೆ ಒಂದು ಕೆಲಸ ನಾನೇ ಕೊಡುತ್ತೇನೆ. ನಾಗಪ್ರತಿಷ್ಠೆಯ ಕಾಗದದ ಪ್ರೂಫ್ ಪ್ರೆಸ್ಸಿನಿಂದ ಬಂದಿದೆ. ಅದರಲ್ಲಿ ಹಾರ್ದಿಕಕ್ಕೆ ಧ ಬಿದ್ದಿದೆ, ಆಶೀರ್ವಾದ ಆರ್ಶೀವಾದ ಆಗಿದೆ, ಸ್ವಾಗತ ಬಯಸುವವರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಒತ್ತೂ ಹೋಗಿದೆ. ಪಿಡಿಎಫ್ ನಿಮಗೆ ಬೇರೆಯಾಗಿ ಕಳಿಸುತ್ತಿದ್ದೇನೆ. ಅದು ಐನೂರು ಪ್ರತಿ ಅಚ್ಚಾಗಿ ಊರೆಲ್ಲ ಹೋಗುವಂಥದ್ದು, ಅದರಲ್ಲಿ ಎಷ್ಟು ನಕ್ಷತ್ರ ಬೇಕಾದರೂ ಹಾಕಿ. ನಾಳೆ ಹನ್ನೊಂದು ಗಂಟೆಯ ಒಳಗೆ ತಿರುಗಿ ಕಳಿಸಿದರೆ ಸಾಕು, ಆಮೇಲೆ ಪ್ರೆಸ್ಸಿನವರು ಕಾಯುವುದಿಲ್ಲ ಅಂದಿದ್ದಾರೆ.