ಫೈಬರ್ ಲೇಸರ್‌ನಲ್ಲಿ ಈಗ ನಿಜವಾಗಿ ಹೊಸದು ಏನಾಗುತ್ತಿದೆ? ಪೀಣ್ಯದಿಂದ ಒಂದು ಪ್ರಶ್ನೆ

ಪೀಣ್ಯ_ಕಟಿಂಗ್:

ಎಲ್ಲರಿಗೂ ನಮಸ್ಕಾರ. ಪೀಣ್ಯ 2ನೇ ಹಂತದಲ್ಲಿ ನಮ್ಮದೊಂದು ಚಿಕ್ಕ ಶೀಟ್ ಮೆಟಲ್ ಶಾಪ್ ಇದೆ, ಪೂರ್ತಿ ಜಾಬ್ ವರ್ಕ್. ಮೊದಲು ಕಾರ್ಬನ್ ಡೈಆಕ್ಸೈಡ್ ಲೇಸರ್ ಇತ್ತು. ಕನ್ನಡಿ ಒರೆಸುವುದು, ಅಲೈನ್‌ಮೆಂಟ್ ನೋಡುವುದು, ಗ್ಯಾಸ್ ತರಿಸುವುದು, ಇದರಲ್ಲೇ ವಾರಕ್ಕೆ ಅರ್ಧ ದಿನ ಹೋಗುತ್ತಿತ್ತು. ಐದು ವರ್ಷದ ಹಿಂದೆ 3 ಕಿಲೋವಾಟ್ ಫೈಬರ್ ಲೇಸರ್ ತಂದೆವು. ತೆಳು ಎಸ್‌ಎಸ್ ಶೀಟ್ ಕತ್ತರಿಸುವ ವೇಗ ನೋಡಿ ಮೊದಲ ದಿನ ನಾನೂ ನನ್ನ ತಮ್ಮನೂ ಸುಮ್ನೆ ನಿಂತುಬಿಟ್ಟೆವು. ಕರೆಂಟ್ ಬಿಲ್ಲೂ ಇಳಿಯಿತು.

ಈಗ ಮಾರುವವರು ಬಂದು 12, 20, 30 ಕಿಲೋವಾಟ್ ಅಂತ ಹೇಳುತ್ತಾರೆ. ಅಷ್ಟು ಪವರ್ ಕೂದಲೆಳೆಯಂಥ ಗಾಜಿನೊಳಗೆ ಹೇಗೆ ಹಿಡಿಯುತ್ತದೆ, ಹೀಗೇ ಏರಿಸುತ್ತಾ ಹೋದರೆ ಎಲ್ಲಿ ನಿಲ್ಲುತ್ತದೆ ಅಂತ ಒಬ್ಬರನ್ನು ಕೇಳಿದೆ. ಬ್ರೋಷರ್ ಕೊಟ್ಟು ಹೋದರು, ಉತ್ತರ ಸಿಗಲಿಲ್ಲ. ಇನ್ನೊಂದು ತಲೆನೋವು ತಾಮ್ರದ್ದು. ದಪ್ಪ ತಾಮ್ರ ಹಾಕಿದರೆ ಬೆಳಕು ವಾಪಸ್ ಪುಟಿದು, ಬ್ಯಾಕ್ ರಿಫ್ಲೆಕ್ಷನ್ ಅಲಾರ್ಮ್ ಬಂದು ಮೆಷಿನ್ ನಿಲ್ಲುತ್ತದೆ. ಇದಕ್ಕೆ ಯಾರಾದರೂ ದಾರಿ ಹುಡುಕುತ್ತಿದ್ದಾರಾ?

ಹೋದ ತಿಂಗಳು ಒಂದು ಹ್ಯಾಂಡ್ ವೆಲ್ಡರನ್ನೂ ತಂದಿದ್ದೇವೆ, ಅದೂ ಫೈಬರ್ ಲೇಸರೇ. ಹಳೇ ಮೆಷಿನ್‌ನ ಅಕ್ರಿಲಿಕ್ ಶೀಟನ್ನೇ ಕಳಚಿ ಅದರ ಮುಂದೆ ಅಡ್ಡ ನಿಲ್ಲಿಸಿಕೊಂಡು ಕೆಲಸ ಮಾಡುತ್ತಿದ್ದೇವೆ, ಚೆನ್ನಾಗಿದೆ. ಅದನ್ನು ನೋಡಿ ಎಲೆಕ್ಟ್ರಾನಿಕ್ಸ್ ಮೂರನೇ ವರ್ಷ ಓದುತ್ತಿರುವ ನನ್ನ ಮಗನಿಗೆ ಈ ಕಡೆ ಮನಸ್ಸು ಬಂದಿದೆ. ನಮ್ಮ ದೇಶದಲ್ಲಿ ಇದರ ಮೇಲೆ ಕೆಲಸ ಮಾಡುವವರು ಇದ್ದಾರಾ, ಅದನ್ನೂ ಹೇಳಿ.

ಗಾಜಿನೆಳೆ:

ಸರ್, ನಾನು ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಿಮ್ಮ "ಎಲ್ಲಿ ನಿಲ್ಲುತ್ತದೆ" ಅನ್ನೋ ಪ್ರಶ್ನೆ ಇದೆಯಲ್ಲ, ನಾವೆಲ್ಲ ಬೆಳಗ್ಗೆ ಎದ್ದು ಲ್ಯಾಬಿಗೆ ಹೋಗುವುದೇ ಅದಕ್ಕೆ. ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಮೆಷಿನ್‌ನ ಫೈಬರ್ ಒಳಗೆ ಇಟರ್ಬಿಯಂ ಅನ್ನೋ ಧಾತು ಬೆರೆಸಿದ ಒಂದು ತಿರುಳು ಇರುತ್ತದೆ. ಅದರ ದಪ್ಪ ಸುಮಾರು 20 ಮೈಕ್ರಾನ್, ಮಿಲಿಮೀಟರಿನ ಐವತ್ತನೇ ಒಂದು ಭಾಗ. ಅದರ ಸುತ್ತ 400 ಮೈಕ್ರಾನ್‌ವರೆಗೆ ಇನ್ನೊಂದು ಗಾಜಿನ ಪದರ. ಡಯೋಡ್‌ಗಳ ಬೆಳಕನ್ನು, ಅಂದರೆ 915 ಅಥವಾ 976 ನ್ಯಾನೋಮೀಟರ್ ಬೆಳಕನ್ನು, ಈ ಹೊರ ಪದರಕ್ಕೆ ತುಂಬುತ್ತಾರೆ. ಅದು ಅತ್ತಿತ್ತ ಪುಟಿಯುತ್ತಾ ಹೋಗುವಾಗ ಮತ್ತೆ ಮತ್ತೆ ತಿರುಳನ್ನು ದಾಟುತ್ತದೆ, ಇಟರ್ಬಿಯಂ ಅದನ್ನು ಹೀರಿಕೊಂಡು 1070ರ ಆಸುಪಾಸಿನ ಬೆಳಕಾಗಿ ಹೊರಗೆ ಬಿಡುತ್ತದೆ. ಡಯೋಡಿನ ಬೆಳಕು ಒರಟು, ಹೊರಗೆ ಬರುವುದು ನಯವಾದ ಒಂದೇ ಕಿರಣ. ಮೊದಲ ಫೈಬರ್ ಲೇಸರನ್ನು ಎಲಿಯಾಸ್ ಸ್ನಿಟ್ಜರ್ 1960ರ ದಶಕದ ಮೊದಲಲ್ಲೇ ಅಮೆರಿಕದಲ್ಲಿ ಮಾಡಿದ್ದರು, ಆದರೆ ಈ ಎರಡು ಪದರದ ಉಪಾಯ 1980ರ ದಶಕದ ಕೊನೆಗೆ ಬಂದ ಮೇಲೇ ಪವರ್ ಏರಿದ್ದು. 2004ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನವರು ಒಂದೇ ಫೈಬರ್‌ನಿಂದ 1.36 ಕಿಲೋವಾಟ್ ತೆಗೆದರು. 2009ರಲ್ಲಿ ಐಪಿಜಿ ಕಂಪನಿ 10 ಕಿಲೋವಾಟ್ ಮುಟ್ಟಿತು.

ಆಮೇಲೆ ಎಲ್ಲರೂ ಹೀಗೇ ಏರುತ್ತದೆ ಅಂದುಕೊಂಡಿದ್ದರು. ಆಗಲಿಲ್ಲ. 2010ರ ಸುಮಾರಿಗೆ ಜರ್ಮನಿಯ ಯೇನಾದಲ್ಲಿ ಒಂದು ವಿಚಿತ್ರ ಕಂಡಿತು. ಪವರ್ ಒಂದು ಮಟ್ಟ ದಾಟಿದ ಕೂಡಲೇ, ಅಲ್ಲಿಯವರೆಗೆ ದುಂಡಗೆ ನಿಂತಿದ್ದ ಕಿರಣ ಮಿಲಿಸೆಕೆಂಡ್ ಲೆಕ್ಕದಲ್ಲಿ ಕುಣಿಯಲು ಶುರು ಮಾಡುತ್ತದೆ. ಫೈಬರ್ ಸುಟ್ಟಿಲ್ಲ, ಒಡೆದಿಲ್ಲ, ಪವರ್ ಕೂಡ ಅಷ್ಟೇ ಬರುತ್ತಿದೆ, ಆದರೆ ಆಕಾರ ಹೋಯಿತು. ಕಾರಣ ಶಾಖ. 976ರ ಬೆಳಕನ್ನು 1070ಕ್ಕೆ ಬದಲಿಸುವಾಗ ಸುಮಾರು ನೂರಕ್ಕೆ 9 ಭಾಗ ಗಾಜಿನಲ್ಲೇ ಶಾಖವಾಗಿ ಉಳಿಯುತ್ತದೆ. ತಿರುಳಿನೊಳಗೆ ಬೆಳಕು ಒಂದಕ್ಕಿಂತ ಹೆಚ್ಚು ಆಕಾರದಲ್ಲಿ ಸಾಗಬಹುದು. ಎರಡು ಆಕಾರ ಒಂದರ ಮೇಲೊಂದು ಬಿದ್ದ ಕಡೆ ಬಿಸಿ, ತಂಪು, ಬಿಸಿ, ತಂಪು ಅಂತ ಫೈಬರ್ ಉದ್ದಕ್ಕೂ ಪಟ್ಟೆ ಏಳುತ್ತದೆ, ಆ ಪಟ್ಟೆಯೇ ಒಳ್ಳೆಯ ಕಿರಣದ ಶಕ್ತಿಯನ್ನು ಕೆಟ್ಟ ಆಕಾರಕ್ಕೆ ತಳ್ಳುತ್ತದೆ. ಅಂದರೆ ತೊಂದರೆ ಬೆಳಕು ಹುಟ್ಟಿಸುವುದರಲ್ಲಿ ಇಲ್ಲ, ಹುಟ್ಟಿದ ಬೆಳಕಿನ ಆಕಾರ ಉಳಿಸಿಕೊಳ್ಳುವುದರಲ್ಲಿ ಇದೆ. ನಾನು ಇದನ್ನು ಮೊದಲ ಸಲ ಲ್ಯಾಬಿನ ಕ್ಯಾಮೆರಾದಲ್ಲಿ ನೋಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಚೆಂದದ ಸಮಸ್ಯೆ ಇದು.

ನಿಮಗೆ ಹೇಳುವ 20, 30 ಕಿಲೋವಾಟ್ ಒಂದೇ ಫೈಬರ್‌ನದ್ದಲ್ಲ. ಹಲವು ಮಾಡ್ಯೂಲ್‌ಗಳ ಬೆಳಕನ್ನು ಒಂದು ದಪ್ಪ ಡೆಲಿವರಿ ಫೈಬರ್‌ಗೆ ಸೇರಿಸಿರುತ್ತಾರೆ. ಕಟಿಂಗ್‌ಗೆ ಅಷ್ಟು ಸಾಕು. ನಯವಾದ ಒಂದೇ ಕಿರಣ ಬೇಕೆಂದರೆ ಅಲೆಗೆ ಅಲೆ ಹೊಂದಿಸಿ ಕೂಡಿಸಬೇಕು. ಯೇನಾದವರೇ 2020ರಲ್ಲಿ 12 ಫೈಬರ್ ಆಂಪ್ಲಿಫೈಯರ್‌ಗಳನ್ನು ಹಾಗೆ ಕೂಡಿಸಿ, ತೀರಾ ಚಿಕ್ಕ ಮಿಡಿತದ ಲೇಸರ್‌ನಿಂದ ಸರಾಸರಿ 10.4 ಕಿಲೋವಾಟ್ ತೆಗೆದರು.

ನನಗೆ ಇನ್ನೂ ಹಿಡಿಸಿದ್ದು ಯೇಲ್ ವಿಶ್ವವಿದ್ಯಾಲಯದ ಹುಯಿ ಕಾವ್ ಅವರ ತಂಡದ ಕೆಲಸ, 2023ರದ್ದು. ಎಲ್ಲರೂ ಒಂದೇ ಆಕಾರ ಉಳಿಸಲು ಒದ್ದಾಡುತ್ತಿದ್ದಾಗ ಇವರು ಬೇಕಂತಲೇ ಹಲವು ಆಕಾರಗಳಲ್ಲಿ ಬೆಳಕು ಬಿಟ್ಟರು. ಪವರ್ ಹಂಚಿಹೋಗುತ್ತದೆ, ಪವರ್ ಏರಿಸಿದಾಗ ತೊಂದರೆ ಕೊಡುವ, ಹಿಂದಕ್ಕೆ ಚದುರಿ ಬರುವ ಬೆಳಕು ಕಡಿಮೆ ಆಗುತ್ತದೆ. ಒಳಗೆ ಹೋಗುವ ಅಲೆಯನ್ನು ಮೊದಲೇ ತಕ್ಕ ಹಾಗೆ ತಿದ್ದಿರುವುದರಿಂದ ಹೊರಗೆ ಬರುವಾಗ ಎಲ್ಲ ಸೇರಿ ಒಂದೇ ಚುಕ್ಕೆಗೆ ಬೀಳುತ್ತದೆ.

ವೆಲ್ಡ್_ಲೈನ್:

ತಾಮ್ರದ ಬಗ್ಗೆ ನಾನು ಹೇಳುತ್ತೇನೆ, ಬ್ಯಾಟರಿ ಪ್ಯಾಕ್ ವೆಲ್ಡಿಂಗ್ ನನ್ನ ಕೆಲಸ. 1 ಮೈಕ್ರಾನ್ ಬೆಳಕಿನಲ್ಲಿ ತಣ್ಣಗಿರುವ ತಾಮ್ರ ಹೀರುವುದು ನೂರಕ್ಕೆ 5ರಷ್ಟು ಮಾತ್ರ, ಉಳಿದದ್ದು ವಾಪಸ್. ಕರಗಿದ ಕೂಡಲೇ ಒಮ್ಮೆಗೇ ಜಾಸ್ತಿ ಹೀರುತ್ತದೆ, ಅದಕ್ಕೇ ಕಿಡಿ ಸಿಡಿಯುವುದು. ದಾರಿ ಎರಡು ಇವೆ. ಒಂದು, 450 ನ್ಯಾನೋಮೀಟರ್ ನೀಲಿ ಡಯೋಡ್ ಲೇಸರ್, ಅದರಲ್ಲಿ ತಾಮ್ರ ಅರ್ಧಕ್ಕಿಂತ ಜಾಸ್ತಿ ಹೀರುತ್ತದೆ. ಇನ್ನೊಂದು, ನಡುವೆ ಒಂದು ಚುಕ್ಕೆ, ಸುತ್ತ ಬಳೆಯಂತೆ ಇನ್ನೊಂದು ಕಿರಣ ಬರುವ ಫೈಬರ್ ಲೇಸರ್. ಎರಡರ ಪವರನ್ನೂ ಬೇರೆ ಬೇರೆ ಹೊಂದಿಸಬಹುದು, ಬಳೆ ಸುತ್ತಲಿನ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಿಡಿಯುವುದು ಬಹಳ ಕಡಿಮೆ. ನಿಮ್ಮದು ಕಟಿಂಗ್ ಆದ್ದರಿಂದ ಈಗಿನ ಮಟ್ಟಿಗೆ ತೆಳು ತಾಮ್ರ ಮಾತ್ರ ತೆಗೆದುಕೊಳ್ಳಿ ಅಂತ ಹೇಳುತ್ತೇನೆ.

ಮುಂದೆ ಫೈಬರ್ ಲೇಸರ್‌ಗೇ ಎದುರಾಳಿ ಬರಬಹುದು. ಕ್ಯೋಟೋ ವಿಶ್ವವಿದ್ಯಾಲಯದ ಸುಸುಮು ನೋಡಾ ಅವರ ತಂಡ 2023ರಲ್ಲಿ 3 ಮಿಲಿಮೀಟರ್ ಅಗಲದ ಒಂದೇ ಸೆಮಿಕಂಡಕ್ಟರ್ ಚಿಪ್‌ನಿಂದ 50 ವಾಟ್ ತೆಗೆದಿದೆ, ಅದೂ ನಯವಾದ ಒಂದೇ ಕಿರಣ. ಚಿಪ್ ಮೇಲೆ ಸೂಕ್ಷ್ಮವಾದ ತೂತುಗಳ ಸಾಲು ಇದೆ, ಕಿರಣದ ಆಕಾರವನ್ನು ಅದೇ ಕಾಯುತ್ತದೆ. 50 ವಾಟ್ ನಿಮಗೆ ಚಿಕ್ಕದು ಅನ್ನಿಸಬಹುದು, ಆದರೆ ಗಾಜಿನೆಳೆಯೇ ಬೇಡವಾದ ದಾರಿ ಅದು.

ಟವರ್_ಹುಡುಗ:

ನಾನು ಟೆಲಿಕಾಂ ಕಡೆಯವನು. ನಮ್ಮ ಕಡೆ ದೊಡ್ಡ ಸುದ್ದಿ ಅಂದರೆ ಟೊಳ್ಳು ಫೈಬರ್. ನಡುವೆ ಗಾಜೇ ಇಲ್ಲ, ಗಾಳಿ. ಸುತ್ತ ತೆಳ್ಳಗಿನ ಗಾಜಿನ ಕೊಳವೆಗಳು ನಿಂತು ಬೆಳಕನ್ನು ಒಳಗೇ ತಡೆದಿಡುತ್ತವೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋದರೆ ಇದರಲ್ಲಿ ಹತ್ತಿರ ಹತ್ತಿರ 3 ಲಕ್ಷ. 1000 ಕಿಲೋಮೀಟರ್ ದಾರಿಗೆ 5 ಮಿಲಿಸೆಕೆಂಡ್ ಬದಲು 3.3. ಮೊದಲೆಲ್ಲ ದಾರಿಯಲ್ಲಿ ಬೆಳಕಿನ ನಷ್ಟ ಜಾಸ್ತಿ ಅಂತ ಯಾರೂ ಮುಟ್ಟುತ್ತಿರಲಿಲ್ಲ. 2025ರಲ್ಲಿ ಸೌತಾಂಪ್ಟನ್ ತಂಡ ಆ ನಷ್ಟ ಕಿಲೋಮೀಟರಿಗೆ 0.091 ಡೆಸಿಬೆಲ್ ಮಾತ್ರ ಅಂತ ಪ್ರಕಟಿಸಿತು. ಒಳ್ಳೆಯ ಗಾಜಿನ ಫೈಬರ್ ಎಷ್ಟೋ ವರ್ಷಗಳಿಂದ 0.14ರ ಹತ್ತಿರವೇ ನಿಂತುಬಿಟ್ಟಿತ್ತು, ಅಂಥದ್ದನ್ನು ಗಾಳಿ ಹಿಂದೆ ಹಾಕಿದೆ! ಸೌತಾಂಪ್ಟನ್‌ನಿಂದ ಹುಟ್ಟಿದ ಲುಮೆನಿಸಿಟಿ ಕಂಪನಿಯನ್ನು ಮೈಕ್ರೋಸಾಫ್ಟ್ 2022ರಲ್ಲೇ ಕೊಂಡಿದೆ.

ಪೀಣ್ಯ ಸರ್‌ಗೆ ಬೇಕಾದದ್ದು ಇದು. ಅದೇ 2022ರಲ್ಲಿ ಇಂಥ ಫೈಬರ್‌ನಲ್ಲಿ 1 ಕಿಲೋವಾಟ್ ನಯವಾದ ಕಿರಣವನ್ನು 1 ಕಿಲೋಮೀಟರ್ ದೂರ ಸಾಗಿಸಿ ತೋರಿಸಿದ್ದಾರೆ. ಗಾಜಿನ ಫೈಬರ್ ಆಗಿದ್ದರೆ ಅಷ್ಟು ದೂರದಲ್ಲಿ ರಾಮನ್ ಚದುರುವಿಕೆಯೇ ಪವರನ್ನು ಬೇರೆ ಬಣ್ಣಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಲೇಸರ್ ಒಂದು ಕಟ್ಟಡದಲ್ಲಿ, ಕಟಿಂಗ್ ಹೆಡ್ ಇನ್ನೊಂದರಲ್ಲಿ ಇಡುವ ಕಾಲ ಬರಬಹುದು.

ಓಟಿ_ಟೆಕ್ನಿಷಿಯನ್:

ಆಪರೇಷನ್ ಥಿಯೇಟರ್ ಕಡೆಯಿಂದ ಒಂದೆರಡು ಮಾತು. ಕಿಡ್ನಿ ಕಲ್ಲು ಪುಡಿ ಮಾಡಲು ಈಗ ತೂಲಿಯಂ ಫೈಬರ್ ಲೇಸರ್ ಬಂದಿದೆ, 1940 ನ್ಯಾನೋಮೀಟರ್. ಆ ಬೆಳಕನ್ನು ನೀರು ಹಳೆಯ ಹೋಲ್ಮಿಯಂ ಲೇಸರ್‌ನದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಹೀರುತ್ತದೆ. ಹಾಗಾಗಿ ಕಲ್ಲು ನಯವಾದ ಪುಡಿಯಾಗುತ್ತದೆ. ಫೈಬರ್ ಇನ್ನೂ ಸಣ್ಣದಿರುವುದರಿಂದ ಸ್ಕೋಪ್ (ಒಳಗೆ ನೋಡಲು ಹಾಕುವ ಕೊಳವೆ) ಚೆನ್ನಾಗಿ ಬಾಗುತ್ತದೆ, ಒಳಗೆ ನೀರು ಹರಿಯಲೂ ಜಾಗ ಉಳಿಯುತ್ತದೆ. ಹೆಚ್ಚು ಪವರಿನ ಹೋಲ್ಮಿಯಂ ಮೆಷಿನ್‌ಗೆ ಬೇರೆಯೇ ಕರೆಂಟ್ ಲೈನ್ ಬೇಕಿತ್ತು, ಇದಕ್ಕೆ ಸಾಮಾನ್ಯ ಪ್ಲಗ್ ಸಾಕು.

ಆದರೆ ಪೀಣ್ಯ ಅಣ್ಣ, ನಾನು ಬರೆಯಲು ಕೂತದ್ದು ನಿಮ್ಮ ಅಕ್ರಿಲಿಕ್ ಶೀಟ್ ನೋಡಿ. ದಯವಿಟ್ಟು ಇವತ್ತೇ ಆ ವೆಲ್ಡರ್ ನಿಲ್ಲಿಸಿ. ಹಳೇ ಮೆಷಿನ್‌ನ ಬೆಳಕು 10.6 ಮೈಕ್ರಾನ್, ಅದನ್ನು ಅಕ್ರಿಲಿಕ್ ತಡೆಯುತ್ತದೆ. ಫೈಬರ್ ಲೇಸರ್‌ನ 1 ಮೈಕ್ರಾನ್ ಬೆಳಕು ಅದೇ ಅಕ್ರಿಲಿಕ್‌ನಲ್ಲಿ ಕಿಟಕಿ ಗಾಜಿನಲ್ಲಿ ಹೋದಂತೆ ನೇರ ದಾಟುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ರೆಪ್ಪೆ ಮುಚ್ಚುವುದೂ ಇಲ್ಲ. ಕಣ್ಣಿನ ಮಸೂರವೇ ಅದನ್ನು ಹಿಂದಿನ ಅಕ್ಷಿಪಟಲದ ಮೇಲೆ ಒಂದು ಚುಕ್ಕೆಯಾಗಿ ಕೂಡಿಸುತ್ತದೆ, ಅಲ್ಲಿ ಸುಟ್ಟರೆ ವಾಪಸ್ ಬರುವುದಿಲ್ಲ. ಮಾಮೂಲಿ ವೆಲ್ಡಿಂಗ್ ಹೆಲ್ಮೆಟ್ ಮಾತ್ರ ನಂಬಬೇಡಿ. ಕನ್ನಡಕದ ಮೇಲೆ ನಿಮ್ಮ ಲೇಸರ್‌ನ ನ್ಯಾನೋಮೀಟರ್ ಮತ್ತು ಓಡಿ ಅಂಕೆ, ಅಂದರೆ ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಅಚ್ಚಾಗಿರಬೇಕು. ವೆಲ್ಡ್ ಮಾಡುವವರಿಗೆ ಮಾತ್ರ ಅಲ್ಲ, ಪಕ್ಕದಲ್ಲಿ ಶೀಟ್ ಹಿಡಿಯುವ ಹುಡುಗನಿಗೂ ಬೇಕು.

ಗಾಜಿನೆಳೆ:

ಓಟಿ ಅವರೇ, ಥ್ಯಾಂಕ್ಸ್. ನಾನು ಆ ಸಾಲು ಓದಿಯೂ ದಾಟಿ ಹೋಗಿದ್ದೆ, ಮೊದಲು ಹೇಳಬೇಕಾಗಿದ್ದದ್ದು ಅದೇ.

ಮಗನ ಬಗ್ಗೆ. ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಪೀಣ್ಯದಿಂದ ಎಷ್ಟು ದೂರ ಸರ್? ಅಲ್ಲಿನ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ವಿ. ಆರ್. ಸುಪ್ರದೀಪ ಅವರ ತಂಡ ಹೆಚ್ಚು ಪವರಿನ ಫೈಬರ್ ಲೇಸರ್ ಮೇಲೇ ಕೆಲಸ ಮಾಡುತ್ತದೆ. ಮೇಲೆ ಟವರ್ ಅವರು ರಾಮನ್ ಚದುರುವಿಕೆ ಅಂದರಲ್ಲ, ಉದ್ದ ಫೈಬರ್‌ನಲ್ಲಿ ಅದು ನಮಗೆ ಶತ್ರು, 1070ರ ಬೆಳಕನ್ನು 1120ರ ಸುಮಾರಿಗೆ ತಳ್ಳುತ್ತದೆ. ಈ ತಂಡ ಅದನ್ನೇ ಕೆಲಸಕ್ಕೆ ಹಚ್ಚಿದೆ. ಒಂದು ಸಲ ತಳ್ಳಿದ್ದನ್ನು ಮತ್ತೆ ಮತ್ತೆ ತಳ್ಳಿಸಿ, ಇಟರ್ಬಿಯಂ ತಾನಾಗಿ ಕೊಡಲಾರದ ಬಣ್ಣಗಳನ್ನು ಪಡೆಯುವ ರಾಮನ್ ಫೈಬರ್ ಲೇಸರ್ ಅದು. ಸಿ. ವಿ. ರಾಮನ್ 1928ರಲ್ಲಿ ಕೋಲ್ಕತ್ತದಲ್ಲಿ ಕಂಡದ್ದು, 1933ರಲ್ಲಿ ಅವರು ನಿರ್ದೇಶಕರಾಗಿ ಬಂದ ಅದೇ ಆವರಣದಲ್ಲಿ ಇವತ್ತು ಲೇಸರ್ ಆಗಿದೆ. ನನಗೆ ಇದನ್ನು ನೆನೆದಾಗಲೆಲ್ಲ ತುಂಬಾ ಖುಷಿಯಾಗುತ್ತದೆ.

ಫೈಬರ್ ಗಾಜನ್ನೇ ತಯಾರಿಸುವುದು ಕಲಿಯಬೇಕಾದರೆ ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಇದೆ. ಎಲೆಕ್ಟ್ರಾನಿಕ್ಸ್ ಹುಡುಗನಾದ್ದರಿಂದ ಬೆಳಕನ್ನು ನಡೆಸುವ ಚಿಪ್ ಕಡೆಯೂ ನೋಡಲಿ, ಐಐಟಿ ಮದ್ರಾಸ್‌ನಲ್ಲಿ ಅದಕ್ಕೆಂದೇ ಕೇಂದ್ರ ಇದೆ. 2022ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಟೊಬಿಯಾಸ್ ಕಿಪ್ಪನ್‌ಬರ್ಗ್ ತಂಡ ಅರ್ಧ ಮೀಟರಷ್ಟು ಬೆಳಕಿನ ದಾರಿಯನ್ನು ಕೆಲವೇ ಮಿಲಿಮೀಟರ್ ಚಿಪ್ ಮೇಲೆ ಸುರುಳಿ ಸುತ್ತಿ, ಅದರೊಳಗೆ ಎರ್ಬಿಯಂ ಅಯಾನುಗಳನ್ನು ಹೊಡೆದು ಕೂರಿಸಿ, 145 ಮಿಲಿವಾಟ್ ತೆಗೆದರು. ಮೀಟರ್‌ಗಟ್ಟಲೆ ಫೈಬರ್ ಸುತ್ತಿದ ಪೆಟ್ಟಿಗೆ ಮಾಡುವ ಕೆಲಸವನ್ನು ಉಗುರಿನಷ್ಟು ಜಾಗ ಮಾಡಿತು.

ಪೀಣ್ಯ_ಕಟಿಂಗ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓಟಿ ಅವರ ಉತ್ತರ ರಾತ್ರಿ ಹನ್ನೊಂದಕ್ಕೆ ಓದಿದೆ, ಆಗಲೇ ಶಾಪ್‌ನ ಹುಡುಗರಿಗೆ ಫೋನ್ ಮಾಡಿ ಬೆಳಗ್ಗೆ ಯಾರೂ ವೆಲ್ಡರ್ ಮುಟ್ಟಬೇಡಿ ಅಂದೆ. ಬಂದ ಕೂಡಲೇ ಅಕ್ರಿಲಿಕ್ ತೆಗೆದು, ಮೂರು ಕಡೆ ಎಂಎಸ್ ಉಕ್ಕಿನ ಶೀಟ್ ನಿಲ್ಲಿಸಿದ್ದೇವೆ. ಮೆಷಿನ್‌ನ ನೇಮ್ ಪ್ಲೇಟ್ ಮೇಲೆ 1080 ನ್ಯಾನೋಮೀಟರ್ ಅಂತ ಇದೆ, ಅದಕ್ಕೆ ಸರಿಹೋಗುವ ಕನ್ನಡಕ ನಾಲ್ಕು ಜೊತೆ ಹೇಳಿದ್ದೇನೆ. ಅದು ಬರುವವರೆಗೆ ಹಳೇ ಆರ್ಗಾನ್ ವೆಲ್ಡಿಂಗೇ. ಶೀಟ್ ಹಿಡಿಯುವ ಹುಡುಗ ಒಂದು ವಾರದಿಂದ ಕಣ್ಣು ಉರಿ ಅನ್ನುತ್ತಿದ್ದ, ನಾನು ನಿದ್ದೆ ಇಲ್ಲ ಅಂದುಕೊಂಡಿದ್ದೆ. ಮಧ್ಯಾಹ್ನ ಅವನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ, ಅವರು ಏನು ಹೇಳಿದರು ಅಂತ ಇಲ್ಲೇ ಬರೆಯುತ್ತೇನೆ.