ಸಹಾಯ ಬೇಕು: ಅಪರಾಧಕ್ಕೆ ಬಲಿಯಾಗುವುದರಲ್ಲಿ ಪರಿಸರದ ಪಾತ್ರವನ್ನು ಅಳೆಯುವುದು ಹೇಗೆ?

ನಮಸ್ಕಾರ. ಸಮಾಜಶಾಸ್ತ್ರದ ಪ್ರಬಂಧಕ್ಕಾಗಿ ಅಪರಾಧ ಸಂತ್ರಸ್ತರ ಕುರಿತು ಓದುತ್ತಿದ್ದೇನೆ. 1979ರಲ್ಲಿ ಸಮಾಜಶಾಸ್ತ್ರಜ್ಞರಾದ ಕೋಹೆನ್ ಮತ್ತು ಫೆಲ್ಸನ್ ಮಂಡಿಸಿದ ದಿನಚರಿ ಸಿದ್ಧಾಂತದ ಪ್ರಕಾರ, ಅಪರಾಧ ನಡೆಯಲು ಅದಕ್ಕೆ ಸಿದ್ಧನಾದವನು, ಸುಲಭದ ಗುರಿ, ಕಾಯುವವರ ಗೈರುಹಾಜರಿ ಈ ಮೂರೂ ಜನರ ದಿನನಿತ್ಯದ ಓಡಾಟದಲ್ಲಿ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಕೂಡಬೇಕು. ಇಷ್ಟು ಅರ್ಥವಾಗುತ್ತದೆ. ಆದರೆ ರಾತ್ರಿ ಪಾಳಿ ಮುಗಿಸಿ ದೀಪವಿಲ್ಲದ ಬೀದಿಯಲ್ಲಿ ನಡೆದುಹೋಗುವ ಹೆಣ್ಣುಮಗಳ ದಿನಚರಿಯನ್ನು ಅವಳ ಆಯ್ಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಡತನ, ನಿವಾಸಿಗಳ ನಿರಂತರ ವಲಸೆ, ಸಡಿಲಗೊಂಡ ನೆರೆಹೊರೆಯ ನಂಟು ಇವನ್ನು ಅಪರಾಧಕ್ಕೆ ಕಾರಣವೆಂದು ನೋಡುವ, ಸಮಾಜಶಾಸ್ತ್ರಜ್ಞರಾದ ಶಾ ಮತ್ತು ಮೆಕೇ ಅವರ ಸಾಮಾಜಿಕ ವಿಘಟನೆಯ ಸಿದ್ಧಾಂತ, ಬಾಲಾಪರಾಧದ ಅಧ್ಯಯನದಿಂದ ಬೆಳೆದದ್ದಾದರೂ, ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಎರಡನ್ನೂ ಒಂದೇ ಪ್ರಶ್ನಾವಳಿಯಲ್ಲಿ ಅಳೆದವರು ಯಾರಾದರೂ ಇದ್ದೀರಾ? ವ್ಯಕ್ತಿಯ ಓಡಾಟದ ಪ್ರಭಾವವನ್ನು ಬೀದಿಯ ಸ್ಥಿತಿಯಿಂದ ಹೇಗೆ ಬೇರ್ಪಡಿಸಿದಿರಿ? ಸಂತ್ರಸ್ತರನ್ನೇ ದೂರುವಂತೆ ಕೇಳಿಸದ ಪ್ರಶ್ನೆಗಳನ್ನು ರೂಪಿಸಲು ದಯವಿಟ್ಟು ನೆರವಾಗಿ.