ಮಗನಿಗೆ ರಕ್ತ ಹಾಕಿಸುವ ಅಂತರ ಹೆಚ್ಚಿಸಿದರೆ ಕಬ್ಬಿಣಾಂಶ ಕಡಿಮೆಯಾಗುತ್ತದೆಯೇ?

ಪ್ರಶ್ನೆ: ಮುಳಬಾಗಿಲು ತಾಲ್ಲೂಕಿನ ತಾಯಿ

ನಮ್ಮ ಮಗನಿಗೆ ಈಗ ಒಂಬತ್ತು ವರ್ಷ. ಎಂಟು ತಿಂಗಳ ಕೂಸಾಗಿದ್ದಾಗಲೇ ಥಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ಕೆಂಪುರಕ್ತ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ ಎಂದು ಗೊತ್ತಾಯಿತು. ಅಂದಿನಿಂದ ಮೂರು ವಾರಕ್ಕೊಮ್ಮೆ ಬೆಳಗಿನ ಮೊದಲ ಬಸ್ಸಿಗೆ ಕೋಲಾರಕ್ಕೆ ಕರೆದುಕೊಂಡು ಹೋಗಿ ರಕ್ತ ಹಾಕಿಸಿಕೊಂಡು ಬರುತ್ತಿದ್ದೇವೆ. ರಕ್ತ ಏರಿದ ಮರುದಿನ ಓಣಿಯಲ್ಲೆಲ್ಲ ಓಡಾಡುವ ಹುಡುಗ, ಮೂರನೆಯ ವಾರದ ಕೊನೆಗೆ ಶಾಲೆಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಲ್ಲುತ್ತಾನೆ. ಹೋದ ತಿಂಗಳ ಪರೀಕ್ಷೆಯಲ್ಲಿ, ಮೈಯಲ್ಲಿ ಸೇರಿರುವ ಕಬ್ಬಿಣದ ಅಂದಾಜು ಕೊಡುವ ಫೆರಿಟಿನ್ 2,900 ಬಂದಿದೆ. ಕಬ್ಬಿಣ ತೆಗೆಯುವ ಡಿಫೆರಾಸಿರಾಕ್ಸ್ ಮಾತ್ರೆಯನ್ನು ಎರಡು ವರ್ಷಗಳಿಂದ ಕೊಡುತ್ತಿದ್ದೇವೆ. ಆದರೆ ಹೊಟ್ಟೆ ತೊಳಸುತ್ತದೆ ಎಂದು ಅವನು ಹಟ ಹಿಡಿದ ದಿನ ಬಿಟ್ಟದ್ದೂ ಉಂಟು.

ರಕ್ತದಿಂದಲೇ ಕಬ್ಬಿಣ ಸೇರುವುದಾದರೆ, ಐದಾರು ವಾರಕ್ಕೊಮ್ಮೆ ಹಾಕಿಸಿದರೆ ಸಾಲದೇ ಎಂಬುದು ನಮ್ಮ ಮನೆಯವರ ವಾದ. ರಾಗಿ, ಸೊಪ್ಪು ಬಿಡಿಸಬೇಕೇ? ಹೊರಗಿನವರ ರಕ್ತ ಬೇಡ, ಇನ್ನು ಮುಂದೆ ನಾನೇ ಕೊಡುತ್ತೇನೆ ಎಂದು ಅವನ ಸೋದರಮಾವ ಮುಂದೆ ಬಂದಿದ್ದಾನೆ. ಅದು ಒಳ್ಳೆಯದೇ?

ಉತ್ತರ: ಬಂಗಾರಪೇಟೆಯ ತಂದೆ

ತಾಯೀ, ದಯವಿಟ್ಟು ಅಂತರ ಹೆಚ್ಚಿಸಬೇಡಿ. ಇದೇ ಯೋಚನೆ ನಮಗೂ ಬಂದಿತ್ತು, ನಾಲ್ಕು ತಿಂಗಳು ಹಾಗೆ ಮಾಡಿಯೂ ನೋಡಿದೆವು; ನನ್ನ ಮಗಳ ಗುಲ್ಮ ಊದಿಕೊಂಡು ಎಡಪಕ್ಕೆಯ ಕೆಳಗೆ ಕೈಗೆ ಗಟ್ಟಿಯಾಗಿ ಸಿಗುವಷ್ಟಾಯಿತು.

ಲೆಕ್ಕ ಹೀಗಿದೆ. ಒಂದು ಯೂನಿಟ್ ಕೆಂಪುಕಣದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಚರ್ಮ ಮತ್ತು ಕರುಳಿನ ಪದರ ಉದುರುವುದರ ಜೊತೆಗೆ ದೇಹದಿಂದ ಹೊರಹೋಗುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಮೂರು ವಾರಕ್ಕೊಂದು ಯೂನಿಟ್ ಎಂದರೆ ವರ್ಷಕ್ಕೆ 17. ಅಂದರೆ ಸುಮಾರು ಮೂರೂವರೆ ಗ್ರಾಂ. ಬೆಳೆದ ಆರೋಗ್ಯವಂತ ಗಂಡಸಿನ ಇಡೀ ಮೈಯಲ್ಲಿರುವ ಕಬ್ಬಿಣವೇ ಮೂರರಿಂದ ನಾಲ್ಕು ಗ್ರಾಂ. ಕಾಲುವೆ ಇದ್ದು ತೂಬೂ ಇಲ್ಲದ, ಕೋಡಿಯೂ ಇಲ್ಲದ ಕೆರೆಯಂತೆ ಅದು ತುಂಬುತ್ತಲೇ ಹೋಗಿ, ಮೊದಲು ಲಿವರಿನಲ್ಲಿ, ಆಮೇಲೆ ಹೃದಯದಲ್ಲಿ, ಥೈರಾಯಿಡ್, ಪಿಟ್ಯುಟರಿ, ಮೇದೋಜೀರಕ ಗ್ರಂಥಿಗಳಲ್ಲಿ ಕೂರುತ್ತದೆ.

ಆದರೆ ಕಾಲುವೆ ಮುಚ್ಚುವುದು ಪರಿಹಾರವಲ್ಲ. ರಕ್ತ ಹಾಕುವ ಮುನ್ನ ಹಿಮೋಗ್ಲೋಬಿನ್ 9.5ರಿಂದ 10.5ರ ನಡುವೆ ಇರುವಂತೆ ನೋಡಿಕೊಳ್ಳಬೇಕೆಂದು ವೈದ್ಯರು ಹೇಳುವುದಕ್ಕೆ ಕಾರಣವಿದೆ. ಅದು ಕುಸಿದಾಗ ಮಗುವಿನ ಅಸ್ಥಿಮಜ್ಜೆ ಕೆಲಸಕ್ಕೆ ಬಾರದ ಕೆಂಪುಕಣಗಳನ್ನು ತಯಾರಿಸಲು ಹೆಣಗಿ ಹಿಗ್ಗುತ್ತದೆ, ಕೆನ್ನೆ ಮತ್ತು ಹಣೆಯ ಮೂಳೆಗಳು ಉಬ್ಬುತ್ತವೆ. ಅದಕ್ಕೂ ಮಿಗಿಲಾಗಿ, ರಕ್ತ ಸಾಲದೆಂದು ತಿಳಿದ ಮೈ ಊಟದಲ್ಲಿರುವ ಕಬ್ಬಿಣವನ್ನು ಹೆಚ್ಚು ಹೆಚ್ಚಾಗಿ ಹೀರತೊಡಗುತ್ತದೆ. ನಿಮ್ಮ ಹುಡುಗ ಗೋಡೆ ಹಿಡಿದು ನಿಲ್ಲುತ್ತಾನೆಂದರೆ ಈಗಿನ ಅಂತರವೇ ಅವನಿಗೆ ಹೆಚ್ಚಾಗಿರಬಹುದು. ಮುಂದಿನ ಬಾರಿ ಆ ದಿನದ ಹಿಮೋಗ್ಲೋಬಿನ್ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ.

ಮಾಡಬೇಕಾದದ್ದು ತೂಬು ತೆರೆಯುವ ಕೆಲಸ, ಅದೇ ಆ ಮಾತ್ರೆ. ನೀರಿನಲ್ಲಿ ಕದಡುವ ಮಾತ್ರೆಯಾಗಿದ್ದರೆ, ಪ್ರತಿದಿನ ಒಂದೇ ಹೊತ್ತಿಗೆ, ಊಟಕ್ಕೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ಕೊಡಿ. ಲೋಟದ ತಳದಲ್ಲಿ ಸುಣ್ಣದಂತೆ ಅಂಟಿಕೊಳ್ಳುವ ಗಸಿಗೆ ಇನ್ನಷ್ಟು ನೀರು ಹಾಕಿ ಅದನ್ನೂ ಕುಡಿಸಿ. ನಾವು ಒಂದು ವರ್ಷ ಆ ಗಸಿಯನ್ನು ಬಚ್ಚಲಿಗೆ ಚೆಲ್ಲುತ್ತಿದ್ದೆವು. ಹೊಟ್ಟೆ ತೊಳಸುವುದನ್ನು ವೈದ್ಯರಿಗೆ ಮುಚ್ಚಿಡಬೇಡಿ, ಪ್ರಮಾಣವನ್ನೋ ಔಷಧಿಯನ್ನೋ ಬದಲಿಸುವ ದಾರಿಗಳಿವೆ. ಈ ಮಾತ್ರೆಗೆ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮತ್ತು ಲಿವರ್ ಪರೀಕ್ಷೆಯೂ ತಪ್ಪಬಾರದು. ರಾಗಿ, ಸೊಪ್ಪು ಬಿಡಿಸಬೇಡಿ. ಅಂಗಡಿಯ ಕಬ್ಬಿಣದ ಟಾನಿಕ್ ಮಾತ್ರ ಮನೆಯೊಳಗೆ ಬರದಿರಲಿ.

ಉತ್ತರ: ಮಾಲೂರಿನವಳು, 31 ವರ್ಷ

ನಾನೇ ಥಲಸ್ಸೇಮಿಯಾ ಇರುವವಳು. ನನಗೆ ಹನ್ನೊಂದು ವರ್ಷ ಆಗುವ ತನಕ ಕಬ್ಬಿಣ ತೆಗೆಸಬೇಕೆಂದು ನನ್ನ ಅಪ್ಪ ಅಮ್ಮನಿಗೆ ಯಾರೂ ಹೇಳಲಿಲ್ಲ. ಆಗ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ರಕ್ತ ಹಾಕಿ ಕಳುಹಿಸುತ್ತಿದ್ದರು, ಅಷ್ಟೇ. ಹದಿಮೂರಕ್ಕೆ ನನ್ನ ಎತ್ತರ ನಿಂತಿತು, ಹದಿನೇಳಾದರೂ ಮುಟ್ಟಾಗಲಿಲ್ಲ. ಹಾರ್ಮೋನ್ ಚಿಕಿತ್ಸೆ ಬೇಕಾಯಿತು. ಹೊಟ್ಟೆಯ ಚರ್ಮದಡಿ ಸೂಜಿ ಚುಚ್ಚಿಕೊಂಡು, ಕಬ್ಬಿಣ ತೆಗೆಯುವ ಡಿಫೆರಾಕ್ಸಮೀನ್ ಔಷಧಿಯ ಪಂಪನ್ನು ದಿಂಬಿನ ಪಕ್ಕ ಇಟ್ಟುಕೊಂಡು, ವಾರಕ್ಕೆ ಐದು ರಾತ್ರಿ ಮಲಗಿದ್ದೇನೆ. ಆ ರಾತ್ರಿಗಳೇ ನನ್ನ ಹೃದಯವನ್ನು ಕಾಪಾಡಿದವು.

ನಿಮ್ಮ ಮಗನಿಗೆ ಇನ್ನೂ ಒಂಬತ್ತು, ಕಾಲ ಮಿಂಚಿಲ್ಲ. ಫೆರಿಟಿನ್ ಸಂಖ್ಯೆಯೊಂದನ್ನೇ ನಂಬಬೇಡಿ, ಜ್ವರ ಸೋಂಕು ಇದ್ದರೂ ಅದು ಏರುತ್ತದೆ. ಅಲುಗಾಡದೆ ಮಲಗಬಲ್ಲ ವಯಸ್ಸು ಬಂದಿರುವುದರಿಂದ, ಹೃದಯ ಮತ್ತು ಲಿವರಿನಲ್ಲಿ ಸೇರಿದ ಕಬ್ಬಿಣವನ್ನು ಅಳೆಯುವ ಟಿ2 ಸ್ಟಾರ್ ಎಂಆರ್‌ಐ ಮಾಡಿಸುವ ಬಗ್ಗೆ ಕೇಳಿ. ಹೃದಯದ ಅಂಕಿ 20 ಮಿಲಿಸೆಕೆಂಡಿಗಿಂತ ಕೆಳಗಿದ್ದರೆ ಅಲ್ಲಿ ಕಬ್ಬಿಣ ಸೇರಿದೆ ಎಂದರ್ಥ. ಎತ್ತರವನ್ನು ಆರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿನ ಮೇಲೆ ಗುರುತು ಹಾಕಿಡಿ. ಸಕ್ಕರೆ ಕಾಯಿಲೆ ಬಂದಿದೆಯೇ ಎಂದು ತಿಳಿಯಲು ಎಚ್‌ಬಿಎ1ಸಿ ಪರೀಕ್ಷೆ ನಮ್ಮಂಥವರಿಗೆ ನೆಚ್ಚುವಂಥದ್ದಲ್ಲ, ಏಕೆಂದರೆ ಅದು ಅಳೆಯುವುದು ಬಹುಪಾಲು ಬೇರೆಯವರ ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು.

ಉತ್ತರ: ಕೋಲಾರದ ನಿವೃತ್ತ ರಕ್ತನಿಧಿ ತಂತ್ರಜ್ಞ

ಸೋದರಮಾವನ ಪ್ರಶ್ನೆಗೆ ಮಾತ್ರ ಬರೆಯುತ್ತೇನೆ. ಅವರ ಮನಸ್ಸು ದೊಡ್ಡದು, ಆದರೆ ಈ ಮಗುವಿಗೆ ಹತ್ತಿರದ ಬಂಧುಗಳ ರಕ್ತ ಬೇಡ. ಹತ್ತಿರದ ರಕ್ತಸಂಬಂಧಿಯ ರಕ್ತದಲ್ಲಿರುವ ಬಿಳಿಕಣಗಳನ್ನು ಮಗುವಿನ ಮೈ ಪರಕೀಯವೆಂದು ಗುರುತಿಸದೆ ಹೋದರೆ, ಅಪರೂಪಕ್ಕಾದರೂ ಅವು ಮಗುವಿನ ಮೇಲೆಯೇ ತಿರುಗಿಬೀಳುತ್ತವೆ, ಅದು ಪ್ರಾಣಾಂತಿಕ. ಮುಂದೆ ಅಸ್ಥಿಮಜ್ಜೆ ಕಸಿ ಮಾಡಿಸುವ ಯೋಚನೆಯಿದ್ದರೆ ಅದಕ್ಕೂ ಅಡ್ಡಿಯಾಗುತ್ತದೆ. ಅವರು ರಕ್ತನಿಧಿಗೆ ಕೊಡಲಿ, ಅದು ಇನ್ನೊಬ್ಬರಿಗೆ ಹೋಗಲಿ.

ಮೇಲಿಂದ ಮೇಲೆ ರಕ್ತ ಪಡೆಯುವವರಲ್ಲಿ ಆರ್‌ಎಚ್, ಕೆಲ್ ಮುಂತಾದ ರಕ್ತದ ಉಪಗುಂಪುಗಳ ವಿರುದ್ಧ ಪ್ರತಿಕಾಯಗಳು (ಹೊರಗಿನ ರಕ್ತಕಣಗಳ ಮೇಲೆ ಎರಗುವ ವಸ್ತುಗಳು) ಬೆಳೆಯಬಹುದು. ಬೆಳೆದ ಮೇಲೆ ಹೊಂದುವ ರಕ್ತ ಹುಡುಕುವುದೇ ಕಷ್ಟ. ಪ್ರತಿಕಾಯ ಪತ್ತೆಯಾದರೆ ಅದನ್ನು ಕಾರ್ಡಿನ ಮೇಲೆ ಬರೆಸಿಕೊಂಡು ಸದಾ ಜೊತೆಗಿಟ್ಟುಕೊಳ್ಳಿ, ಯಾವ ಊರಿಗೆ ಹೋದರೂ ತೋರಿಸಿ. ಬಿಳಿಕಣ ಸೋಸಿದ ರಕ್ತವನ್ನೇ ಕೇಳಿ, ಚಳಿಜ್ವರ ಕಡಿಮೆಯಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ ಕೇಳಿದ ತಾಯಿ

ಮೂವರಿಗೂ ಕೈಮುಗಿಯುತ್ತೇನೆ. ಲೋಟದ ಗಸಿಯನ್ನು ನಾವೂ ಚೆಲ್ಲುತ್ತಿದ್ದೆವು. ಇವತ್ತು ಬೆಳಿಗ್ಗೆ ಎರಡು ಸಲ ನೀರು ಹಾಕಿ ಕುಡಿಸಿದೆ, ಮುಖ ಕಿವುಚಿಕೊಂಡೇ ಕುಡಿದ. ಗುರುವಾರ ಕೋಲಾರಕ್ಕೆ ಹೋಗುತ್ತಿದ್ದೇವೆ. ರಕ್ತ ಹಾಕುವ ಮುನ್ನದ ಹಿಮೋಗ್ಲೋಬಿನ್, ಎಂಆರ್‌ಐ, ಪ್ರತಿಕಾಯದ ಪರೀಕ್ಷೆ, ಇವಿಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೇನೆ, ಮನೆಯವರೂ ಜೊತೆಗೆ ಬರುತ್ತಾರೆ.